ಹನ್ನೆರಡು ಮಿಲಿಮೀಟರ್ ಸ್ಕ್ರೂ

ಡಾಕ್ಟರ್ ಕಶ್ಯಪ್ ಡ್ರಿಲ್ ಕೈಗೆತ್ತಿಕೊಂಡಾಗ ಅವನ ಜೂನಿಯರ್ ಗಗನಾ ಇನ್ನೂ ಸ್ಕ್ಯಾನನ್ನೇ ನೋಡುತ್ತಿದ್ದಳು. ದವಡೆ ಮೂಳೆಗೆ ಸ್ಕ್ರೂ ಹಾಕಿಸಿ ಹಲ್ಲು ಕೂರಿಸಿಕೊಳ್ಳಲು ಕುರ್ಚಿಯಲ್ಲಿ ಒರಗಿದ್ದವರು ಜೋಗುಪಾಳ್ಯದಲ್ಲಿ ಹೂವು ಮಾರುವ ದೊಡ್ಡಮುನಿಯಮ್ಮ. ಇಂಜೆಕ್ಷನ್ ಆಗಲೇ ಆಗಿತ್ತು.

"ಸರ್, ಹನ್ನೆರಡು ಮಿಲಿಮೀಟರ್ ಸ್ಕ್ರೂ ಬೇಡ. ಇವರಿಗೆ ನರದ ಮೇಲೆ ಮೂಳೆ ಇರೋದೇ ಹನ್ನೊಂದು. ಎಂಟರದ್ದು ಹಾಕೋಣ."

"ಕಂಪನಿ ಚಾರ್ಟಲ್ಲಿ ಹನ್ನೆರಡು ಅಂತಿದೆಯಲ್ರೀ."

"ಅದು ಯುರೋಪಿನವರ ದವಡೆ ಅಳೆದು ಮಾಡಿದ್ದು ಸರ್. ನಮ್ಮವರಲ್ಲಿ ಎಷ್ಟೋ ಜನಕ್ಕೆ ಅದು ಹೊಂದಲ್ಲ."

"ಎಂಟರದ್ದು ಬರೋದು ನಾಳೆ. ನರಕ್ಕೆ ತಗುಲಿ ತುಟಿ ಜೋಮು ಹಿಡಿದ್ರೂ ಇವರಿಗೆ ಗೊತ್ತಾಗಲ್ಲ ಬಿಡಿ. ಎಲೆ ಅಡಿಕೆ ಜಗಿದು ಜಗಿದು ಹೇಗೂ ಮರಗಟ್ಟಿರುತ್ತೆ." ಮಾಸ್ಕಿನೊಳಗೇ ನಕ್ಕ.

ಇಂಥ ಮಾತಿಗೆ ಎರಡು ವರ್ಷ ತಾನೂ ನಕ್ಕಿದ್ದು ನೆನಪಾಗಿ ಗಗನಾಳಿಗೆ ತನ್ನ ಮೇಲೂ ಹೇಸಿಗೆಯಾಯಿತು. ಕೈ ಚಾಚಿ ಯಂತ್ರದ ಸ್ವಿಚ್ ಆರಿಸಿದಳು. "ಅಮ್ಮಾ, ಎದ್ದೇಳಿ. ಈ ಸ್ಕ್ರೂ ನಿಮ್ಮ ಮೂಳೆಗೆ ಉದ್ದ ಆಗುತ್ತೆ. ಹಾಕಿದ್ರೆ ತುಟಿಗೆ ಸ್ಪರ್ಶಾನೇ ಇಲ್ದಂಗೆ ಆಗ್ಬಹುದು. ಇವತ್ತು ಬೇಡ."

ದೊಡ್ಡಮುನಿಯಮ್ಮ ನಿಧಾನವಾಗಿ ಎದ್ದು ಕೂತರು. ಅವರು ನೋಡಿದ್ದು ಕಶ್ಯಪ್‌ನನ್ನು.

"ಮರಗಟ್ಟಿರೋದು ಬಾಯಿ ಡಾಕ್ಟ್ರೇ, ಕಿವಿಯಲ್ಲ," ಎಂದು ತೊದಲುತ್ತಲೇ ಹೇಳಿ, ಪಕ್ಕದ ಬೇಸಿನ್ನಿಗೆ ಉಗಿದರು.