ಜೇಬಿನಲ್ಲಿ ಹೋದ ಕೀಲಿಕೈ

“ಕೀಲಿಕೈ ಕಾಣುತ್ತಿಲ್ಲ” ಎಂದು ಗೆಂಚೋನ ಕಂಪ್ಯೂಟರು ಮೂರನೆಯ ಸಲ ತೋರಿಸಿ ಸುಮ್ಮನಾಯಿತು. ಸ್ತಾಂಕ ಅದರ ನೆತ್ತಿಗೆ ಒಂದೇಟು ಕೊಟ್ಟಳು. ಗಂಡ ಗೆಂಚೊ ಬದುಕಿದ್ದಾಗ ಹಾಗೆ ಮಾಡಿದ್ದರೆ ದೊಡ್ಡ ರಂಪವೇ ಆಗುತ್ತಿತ್ತು. ನಾಳೆಗೆ ಅವನು ಹೋಗಿ ನಲವತ್ತು ದಿನ. ಆ ದಿನದ ಪೂಜೆಯಲ್ಲಿ ಹಂಚಲು ಗೋಧಿ ಬೇಯಿಸಿ ಆರಲಿಟ್ಟು ಅವನ ಅಚ್ಚಿನಂಗಡಿಗೆ ಬಂದಿದ್ದಳು. ಇನ್ನು ಅವನ ಚಿತ್ರವಿರುವ ಶ್ರದ್ಧಾಂಜಲಿಯ ಹಾಳೆ ಮನೆಯ ಬಾಗಿಲಿಗೆ, ಚರ್ಚಿನ ಮುಂದಿನ ಮರಕ್ಕೆ, ಬಸ್ ನಿಲ್ದಾಣದ ಗೋಡೆಗೆ ಅಂಟಿಸಬೇಕು. ಲೋಮ್ ಊರಿನಲ್ಲಿ ಯಾರು ಸತ್ತರೂ ಮೂವತ್ತು ವರ್ಷ ಆ ಹಾಳೆ ಅಚ್ಚು ಮಾಡಿಕೊಟ್ಟವನು ಗೆಂಚೊ. “ಬೇರೆಯವರು ಬರೆದ್ರೆ ತಪ್ಪು ಮಾಡ್ತಾರೆ” ಎಂದು ತನ್ನದನ್ನೂ ತಾನೇ ಬರೆದಿಟ್ಟು ಹೋಗಿದ್ದ. ಅದು ಈ ಯಂತ್ರದೊಳಗೇ ಇತ್ತು.

ಪಕ್ಕದ ಅಂಗಡಿಯ ರಾಶ್ಕೊ ಮೇಜಿನಡಿ ತೂರಿಕೊಂಡು ಯಂತ್ರದ ಬೆನ್ನು ತಡವುತ್ತಿದ್ದ. ಕಂಪ್ಯೂಟರು ರಿಪೇರಿ ಅವನ ಕಸುಬು. ಕದ್ದ ಪ್ರೋಗ್ರಾಮುಗಳನ್ನು ನಕಲು ಮಾಡಿ ಊರಿಗೆಲ್ಲ ಹಂಚುವುದು ಅವನ ಖ್ಯಾತಿ. ಅವನ ನಕಲಿಗೆ ಕೈಯೊಡ್ಡದೆ, ಹಾಳೆ ಅಚ್ಚು ಮಾಡುವ ಪ್ರೋಗ್ರಾಮನ್ನು ರಾಜಧಾನಿ ಸೋಫಿಯಾದ ಕಂಪನಿಯಿಂದ ಕೊಂಡು ತಂದವನು ಗೆಂಚೊ ಒಬ್ಬನೇ. ಪ್ರೋಗ್ರಾಮಿನ ಜೊತೆ ಹೆಬ್ಬೆರಳು ಗಾತ್ರದ ಒಂದು ಕೀಲಿಕೈ ಕೊಟ್ಟಿದ್ದರು. ಅದನ್ನು ಯಂತ್ರದ ಹಿಂದೆ ಸಿಕ್ಕಿಸಿದರೆ ಮಾತ್ರ ಪ್ರೋಗ್ರಾಮು ತೆರೆಯುತ್ತಿತ್ತು. ಗೆಂಚೊ ದಿನಾ ಬೆಳಿಗ್ಗೆ ಕಾಫಿ ಕುಡಿಯುತ್ತ ರಾಶ್ಕೋನನ್ನು ಕಳ್ಳ ಎಂದು ಬೈಯುತ್ತಿದ್ದ. ರಾಶ್ಕೊ ಅವನದೇ ಕಾಫಿ ಕುಡಿಯುತ್ತ ಬೈಸಿಕೊಳ್ಳುತ್ತಿದ್ದ.

“ಇಲ್ಲಿ ಕೀ ಇಲ್ಲ ಸ್ತಾಂಕಕ್ಕ. ಗೆಂಚಣ್ಣ ಎಲ್ಲಿಡ್ತಿದ್ದ?”

“ಕೋಟಿನ ಜೇಬಲ್ಲಿ. ಅಂಗಡೀಲಿ ಬಿಟ್ಟು ಬರ್ತಿರ್ಲಿಲ್ಲ.”

“ಯಾವ ಕೋಟು?”

ಸ್ತಾಂಕ ಕುರ್ಚಿಯಲ್ಲಿ ಕುಸಿದು ಕೂತಳು. “ಅಯ್ಯೋ ರಾಶ್ಕೊ... ಕರೀ ಕೋಟು.”

“ಅಂದ್ರೆ... ಹಾಕ್ಕೊಂಡು ಹೋದದ್ದು?”

“ಕನ್ನಡಕ ಇಟ್ಟೆ, ಬಾಚಣಿಗೆ ಇಟ್ಟೆ, ಅದನ್ನೂ ನನ್ನ ಕೈಯಾರೆ ಇಟ್ಟೆ ಕಣೋ. ಅದಿಲ್ದೆ ಅವ್ರು ಪೂಜೆಗೂ ಹೋಗ್ತಿರ್ಲಿಲ್ಲ. ಅಲ್ಲಿಗೆ ಹೋದ್ಮೇಲೆ ಜೇಬು ತಡಕಾಡ್ತಾರಲ್ಲ ಅಂತ...”

ಹೂಳುವಾಗ ಸತ್ತವರ ಜೊತೆ ಅವರ ಇಷ್ಟದ ವಸ್ತು ಇಟ್ಟು ಕಳಿಸುವುದು ಆ ಊರಿನಲ್ಲಿ ಎಲ್ಲರೂ ಮಾಡುವುದೇ. ಒಬ್ಬನಿಗೆ ಇಸ್ಪೀಟಿನ ಕಟ್ಟು, ಒಬ್ಬಳಿಗೆ ಹೆಣಿಗೆಯ ಕಡ್ಡಿ. ಇಡೀ ಅಂಗಡಿಯನ್ನೇ ಗಂಡನ ಜೇಬಿಗೆ ಹಾಕಿ ಕಳಿಸಿದವಳು ಮಾತ್ರ ಸ್ತಾಂಕ ಒಬ್ಬಳೇ.

ರಾಶ್ಕೊ ಕಂಪನಿಗೆ ಫೋನು ಹಚ್ಚಿ ಅವಳ ಕೈಗೆ ಕೊಟ್ಟ.

“ಹೊಸ ಕೀ ಕೊಡಬಹುದು ಮೇಡಂ,” ಎಂದಿತು ಒಂದು ಎಳೆಯ ದನಿ. “ಕೊಂಡವರೇ ಬಂದು ಸಹಿ ಹಾಕ್ಬೇಕು.”

“ಅವ್ರು ತೀರಿಕೊಂಡಿದ್ದಾರಮ್ಮ.”

“ಓ, ಕ್ಷಮಿಸಿ.” ಆ ಕಡೆ ಕಾಗದ ಮಗುಚುವ ಸದ್ದು ಕೇಳಿಸಿತು. “ಹಾಗಿದ್ರೆ ಬರೋದೇನೂ ಬೇಡ ಮೇಡಂ. ಅವರ ಕೈಯಲ್ಲಿ ಒಂದು ಪತ್ರ ಬರೆಸಿ ಕಳಿಸಿದ್ರೂ ಆಗುತ್ತೆ.”

ಸ್ತಾಂಕ ಫೋನು ಕೆಳಗಿಟ್ಟಳು. ರಾಶ್ಕೊ ತಲೆ ಕೆರೆದುಕೊಂಡ. “ನನ್ ಹತ್ರ ಒಂದು ಡಿಸ್ಕ್ ಇದೆ ಅಕ್ಕ. ಹಾಕಿದ್ರೆ ಕೀ ಕೇಳಲ್ಲ.”

“ಬೇಡ. ಯಾವುದು ತಪ್ಪು ಅಂತ ಜೀವಮಾನವಿಡೀ ನಿನ್ ಜೊತೆ ಜಗಳ ಆಡಿದ್ರೋ, ಅದನ್ನೇ ಅವರ ನಲವತ್ತಕ್ಕೆ ಮಾಡ್ಲಾ? ಕೈಯಲ್ಲೇ ಬರೀತೀನಿ ಬಿಡು.”

ಪೆನ್ನು ತೆಗೆದುಕೊಂಡು ಗಂಡನ ಹೆಸರು ಬರೆದಳು. ಮುಂದೆ ಕೈ ಓಡಲಿಲ್ಲ. ಅವನು ಬರೆದಿಟ್ಟು ಹೋದ ಕೊನೆಯ ಮಾತು ಮೊಳದಷ್ಟು ದೂರದಲ್ಲಿ ಬೀಗ ಹಾಕಿಕೊಂಡು ಕೂತಿತ್ತು. ಅದನ್ನು ಓದಲೇಬೇಕೆಂದು ಅವಳ ಜೀವ ಒದ್ದಾಡುತ್ತಿತ್ತು.

ರಾಶ್ಕೋನಿಗೆ ನೋಡಲಾಗಲಿಲ್ಲ. “ಅಕ್ಕ, ಆ ಡಿಸ್ಕ್ ಈ ಯಂತ್ರಕ್ಕೆ ಹೊಸದಲ್ಲ.”

“ಏನಂದೆ?”

“ಹನ್ನೆರಡು ವರ್ಷದ ಹಿಂದೆ ಕೀ ಕೆಟ್ಟಿತ್ತು. ಹೊಸದು ಬರೋಕೆ ಎಂಟು ದಿನ ಅಂದ್ರು. ಅದೇ ವಾರ ಊರಲ್ಲಿ ಮೂರು ಸಾವು. ಅಣ್ಣ ನಮ್ಮ ಹಿಂಬಾಗಿಲಿಂದ ಬಂದ. ‘ದುಡ್ಡು ಕೊಟ್ಟು ತಂದೋನು ನಾನು, ಇದು ನನ್ನನ್ನೇ ಕಳ್ಳನ್ ತರ ನೋಡುತ್ತೆ. ಸತ್ತೋರು ಎಂಟು ದಿನ ಕಾಯ್ತಾರೇನೋ? ತೆಗೆದುಕೊಡು’ ಅಂದ. ಹೊಸ ಕೀ ಬಂದ ದಿನ ಡಿಸ್ಕ್ ವಾಪಸ್ ಕೊಟ್ಟು, ‘ಸ್ತಾಂಕಂಗೆ ಹೇಳಿದ್ರೆ ಮುಂದಿನ ಹಾಳೆ ನಿಂದೇ’ ಅಂತ ಹೆದರಿಸಿ ಹೋದ.”

“ಮಾರನೇ ದಿನ?”

“ಮಾರನೇ ದಿನ ಕಾಫಿಗೆ ಬಂದೆ. ಕಳ್ಳ ಅಂತ ಬೈದ.”

ಸ್ತಾಂಕ ನಲವತ್ತು ದಿನದಲ್ಲಿ ಮೊದಲ ಸಲ ನಕ್ಕಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಆ ನೀರು ಬೇಗ ನಿಲ್ಲಲಿಲ್ಲ.

“ಕಳ್ಳ ಮುದುಕ!” ಎಂದಳು. “ಹಾಕು ಡಿಸ್ಕು.”

ಯಂತ್ರ ಈ ಸಲ ಏನನ್ನೂ ಕೇಳಲಿಲ್ಲ. ತೆರೆಯ ಮೇಲೆ ಗೆಂಚೊ ಟೋಪಿ ಓರೆ ಮಾಡಿಕೊಂಡು ನಗುತ್ತಿದ್ದ. ಸುತ್ತ ದ್ರಾಕ್ಷಿ ಎಲೆಯ ಅಂಚು ಇತ್ತು. ತನಗೆ ಮೆಚ್ಚಿಗೆಯಾದವರಿಗೆ ಮಾತ್ರ ಹಾಕುತ್ತಿದ್ದ ಅಂಚು ಅದು. ಕೆಳಗೆ, ದುಃಖಿಸುವವರ ಹೆಸರು ಬರುವ ಜಾಗದಲ್ಲಿ, ಅವನು ಹೀಗೆ ಬರೆದಿದ್ದ: “ನನ್ನನ್ನು ನಲವತ್ತೇಳು ವರ್ಷ ಸಹಿಸಿಕೊಂಡ ಹೆಂಡತಿ ಸ್ತಾಂಕ. ಮತ್ತು, ಅವಳು ಕೀಲಿಕೈಯನ್ನು ನನ್ನ ಜೇಬಿಗೇ ಹಾಕಿ ಕಳಿಸಿರುವುದರಿಂದ, ಇದನ್ನು ತೆರೆದುಕೊಟ್ಟ ತಮ್ಮ ರಾಶ್ಕೊ.”

ರಾಶ್ಕೊ ಮೂಗು ಒರೆಸಿಕೊಂಡ. “ಈ ಸಾಲು ತೆಗೆದುಬಿಡ್ಲಾ ಅಕ್ಕ? ಊರೆಲ್ಲ ಓದುತ್ತೆ.”

“ಓದ್ಲಿ” ಎಂದಳು ಸ್ತಾಂಕ. “ನೂರು ನಕಲು ತೆಗಿ.”