ಹಸಿರು ಹೊದಿಕೆ

ಮಲಾವಿ ಸರೋವರದ ದಂಡೆಯ ಆ ಊರಿನಲ್ಲಿ ಚುನಾವಣೆ ಬಂತೆಂದರೆ ಪಕ್ಷಗಳು ಹೆಂಗಸರಿಗೆ ಉಡಲು ತಮ್ಮ ಬಣ್ಣದ ಬಟ್ಟೆ ಹಂಚುತ್ತವೆ. ತಿಯಾಮಿಕೆ ತನಗೆ ಸಿಕ್ಕಿದ್ದ ಹಸಿರು ಬಟ್ಟೆಯನ್ನು ಉಡದೆ ಜೋಪಾನವಾಗಿ ಎತ್ತಿಟ್ಟಿದ್ದಳು. ಇಂದು ಅದನ್ನೇ ಮಗನ ಶವಪೆಟ್ಟಿಗೆಗೆ ಹೊದಿಸಿದಳು. ಹಸಿರು ಪಕ್ಷದ ಯುವದಳದಲ್ಲಿದ್ದ ಮಗ, ನಾಯಕರ ಸಭೆಗೆ ನುಗ್ಗಿದ ಹಳದಿ ಪಕ್ಷದ ಹುಡುಗರಿಗೆ ಅಡ್ಡ ನಿಂತು, ದೊಣ್ಣೆಯೇಟು ತಿಂದು ಸತ್ತಿದ್ದ.

ಕರಿ ಕೋಟು ತೊಟ್ಟ ನಾಯಕರು ಒಳಗೆ ಬಂದವರೇ ಅವಳ ಎರಡೂ ಕೈ ಹಿಡಿದು ಅತ್ತರು.

"ನನಗೆ ಬೀಳಬೇಕಾಗಿದ್ದ ಏಟಮ್ಮ ಅದು. ತಾನು ತಿಂದ."

"ನೀವು ಬಂದ್ರಲ್ಲ ಸಾಹೇಬ್ರೆ, ನನಗಷ್ಟು ಸಾಕು. ಕೊನೇವರೆಗೂ ನಿಮ್ಮ ಹೆಸರೇ ಹೇಳ್ತಿದ್ದ."

"ಪೆಟ್ಟಿಗೆ ಹೊರೋಕೆ ನಮ್ಮ ಯುವದಳದವರನ್ನೇ ಕರ್ಕೊಂಡು ಬಂದಿದೀನಿ. ಅವರು ಒಳಗೆ ಬರೋಕೆ ಮುಂಚೆ ಆ ಹಸಿರು ಬಟ್ಟೆ ತೆಗೆದುಬಿಡಮ್ಮ."

"ಯಾಕೆ ಸಾಹೇಬ್ರೆ? ಅದಕ್ಕೇ ಅಲ್ವಾ ನನ್ನ ಮಗ ಪ್ರಾಣ ಕೊಟ್ಟಿದ್ದು?"

ನಾಯಕರು ಕೈಚೀಲದಿಂದ ಹೊಸ ಹಳದಿ ಬಟ್ಟೆಯೊಂದನ್ನು ತೆಗೆದು, ಮಡಿಕೆ ಬಿಚ್ಚಿ, ಅವಳ ಮಡಿಲಿಗೆ ಹಾಕಿದರು.

"ನಿನ್ನೆ ನಾನು ಈ ಪಕ್ಷ ಸೇರಿದೆ. ಹೊರಗೆ ನಿಂತಿರೋರು ಅದೇ ಹುಡುಗ್ರು."