ಹತ್ತು ನಿಮಿಷಕ್ಕೊಂದು ಕಲ್ಲು

"ನೀವು ಕಳಿಸಿದ ಫೈಲ್ ತೆಗೆಯೋಕೆ ತಕ್ಕ ಆ್ಯಪ್ ಇಲ್ಲ, ಹುಡುಕಲಾ ಅಂತ ಫೋನ್ ಕೇಳ್ತು ಮೇಡಂ. ಹುಡುಕಪ್ಪಾ ಅಂದೆ. ಬೆಳಿಗ್ಗೆಯಿಂದ ಹುಡುಕ್ತಾನೇ ಇದೆ," ಎಂದು ಲಿಫ್ಟಿನವನು ತನ್ನ ಫೋನನ್ನು ಪ್ಲಾನಿಂಗ್ ಮೇಡಂ ಮುಖದ ಮುಂದೆ ಹಿಡಿದ. ಫೋನಿನಲ್ಲಿ ಒಂದು ಚಕ್ರ ಸುತ್ತುತ್ತಿತ್ತು.

ಸಂಜೆ ನಾಲ್ಕಾಗಿತ್ತು. ಮರುದಿನ ಬೆಳಿಗ್ಗೆ ಏಳಕ್ಕೆ ಆಸ್ಪತ್ರೆಯ ಹಳೆ ಕಟ್ಟಡದಿಂದ ಹೊಸ ಕಟ್ಟಡಕ್ಕೆ ಹನ್ನೊಂದು ಕೂಸುಗಳು ಹೋಗಬೇಕು. ದಿನ ತುಂಬದೆ ಹುಟ್ಟಿದವು. ಗೋಡೆಯ ಕೊಳವೆಯಿಂದ ಬರುವ ಆಕ್ಸಿಜನ್ ನಂಬಿಕೊಂಡು ಉಸಿರಾಡುವಂಥವು. ಮೇಡಂ ಮೂರು ವಾರ ಕೂತು ಇನ್ನೂರ ಹದಿನಾಲ್ಕು ಸಾಲಿನ ವೇಳಾಪಟ್ಟಿ ಮಾಡಿದ್ದಳು. ಅದು ತೆರೆದುಕೊಳ್ಳುವ ಸಾಫ್ಟ್‌ವೇರ್ ಇಡೀ ಆಸ್ಪತ್ರೆಯಲ್ಲಿ ಇದ್ದದ್ದು ಅವಳೊಬ್ಬಳ ಲ್ಯಾಪ್‌ಟಾಪಿನಲ್ಲಿ. ಚಿತ್ರ ಮಾಡಿ ಕಳಿಸಿದರೆ ಅಕ್ಷರಗಳು ಇರುವೆಗಳಾದವು. ಮುದ್ರಿಸಿದರೆ ಹದಿನಾರು ಹಾಳೆ; ಯಾವುದರ ಪಕ್ಕ ಯಾವುದು ಎಂದು ತಿಳಿಯಲು ಇನ್ನೊಂದು ವೇಳಾಪಟ್ಟಿ ಬೇಕಿತ್ತು.

ಕೂಸುಗಳ ವಾರ್ಡಿನಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡ ದೊಡ್ಡ ಸಿಸ್ಟರ್ ಒಂದು ಹಾಳೆ ಎತ್ತಿಕೊಂಡರು. "ಈ ಪಟ್ಟೆಗಳೇನಮ್ಮಾ?"

"ಕೆಲಸಗಳು, ಸಿಸ್ಟರ್. ಪಟ್ಟೆ ಎಷ್ಟುದ್ದವೋ ಕೆಲಸ ಅಷ್ಟು ಹೊತ್ತು."

"ಅಂದ್ರೆ ಹೊತ್ತು ಅಡ್ಡಡ್ಡಕ್ಕೆ ಹೋಗುತ್ತೆ. ಮತ್ತೆ ಅದನ್ನ ಹಾಳೇಲಿ ಯಾಕೆ ತುರುಕ್ತೀಯ? ನಮ್ಮ ಕಾರಿಡಾರ್ ಇಷ್ಟುದ್ದ ಬಿದ್ದಿದೆ."

ಕಾರಿಡಾರಿಗೆ ಚೌಕಾಕಾರದ ಕಲ್ಲು ಹಾಸಿತ್ತು. ಒಂದು ಕಲ್ಲು ಹತ್ತು ನಿಮಿಷ ಎಂದು ಸಿಸ್ಟರ್ ತೀರ್ಪು ಕೊಟ್ಟರು. ಮರುದಿನ ಕೆಲಸವಿದ್ದವರನ್ನೆಲ್ಲ ಕರೆದು ಒಬ್ಬೊಬ್ಬರಿಗೆ ಒಂದೊಂದು ಸಾಲು ಕಲ್ಲು. ಕೂಸಿಗೊಂದರಂತೆ ಹನ್ನೊಂದು ದಿಂಬು ಬಂದವು. ಕೂಸುಗಳು ಹೋಗುವುದು ಮೂರು ಕಂತಿನಲ್ಲಿ. ಮೊದಲ ನಾಲ್ಕು ಒಬ್ಬ ನರ್ಸ್ ಕೈಗೆ, ಇನ್ನು ನಾಲ್ಕು ಮತ್ತೊಬ್ಬಳ ಕೈಗೆ, ಉಳಿದ ಮೂರು ಸಿಸ್ಟರ್ ಎದೆಗೆ. ಹೊಸ ವಾರ್ಡು ಸೇರಿದ ಮೇಲಷ್ಟೇ ದಿಂಬು ಕೆಳಗಿಡಬೇಕು. "ನೀನು ಗಂಟೆ ಕೂಗು ಸಾಕು," ಎಂದರು ಮೇಡಂಗೆ. ಎರಡು ಪದವಿ ಪಡೆದಿದ್ದ ಮೇಡಂ ಒಪ್ಪಿಕೊಂಡಳು.

"ಏಳು ಗಂಟೆ... ಏಳೂ ಹತ್ತು..."

ಹದಿನೆಂಟು ಜನ ಒಟ್ಟಿಗೆ ಒಂದು ಕಲ್ಲು ಮುಂದೆ ಹೆಜ್ಜೆಯಿಟ್ಟರು. ಚಪ್ಪಲಿಗಳೆಲ್ಲ ಸೇರಿ ಒಂದೇ ಸದ್ದು ಮಾಡಿದವು. ಲಿಫ್ಟಿನವನು ಇಲ್ಲದ ಬಾಗಿಲು ತೆಗೆದ. ಮೊದಲ ನರ್ಸ್ ಇಲ್ಲದ ಹೊಸಿಲು ದಾಟಿದಳು. ಮೂರು ವಾರ ತೊಡೆಯ ಮೇಲೆ ಬಿಸಿಯಾಗುತ್ತಿದ್ದ ಲ್ಯಾಪ್‌ಟಾಪಿನೊಳಗೆ ಇವರೆಲ್ಲ ಇದ್ದರೇ ಎಂದು ಮೇಡಂ ನೋಡುತ್ತಲೇ ನಿಂತಳು. ಕಾಲಕ್ಕೆ ಕಾಲು ಬಂದಿತ್ತು.

"ಏಳೂವರೆ."

ಮೊದಲ ನರ್ಸ್ ನಾಲ್ಕು ದಿಂಬು ಕೆಳಗಿಟ್ಟಳು. ಪಕ್ಕದ ಸಾಲಿನಲ್ಲಿದ್ದ ಆಕ್ಸಿಜನ್ ಫಿಟ್ಟರ್ ತನ್ನ ಕಲ್ಲಿನ ಮೇಲೆ ಬಗ್ಗಿ ಗಾಳಿಯಲ್ಲಿ ಮಣಿಕಟ್ಟು ತಿರುಗಿಸಿದ.

"ಅದೇನಪ್ಪಾ ತಿರುಗಿಸ್ದೆ?" ಎಂದರು ಸಿಸ್ಟರ್.

"ಹಳೇ ಕಟ್ಟಡದ ಆಕ್ಸಿಜನ್ ವಾಲ್ವ್ ಬಂದ್ ಮಾಡ್ದೆ ಸಿಸ್ಟರಮ್ಮ. ನನ್ನ ಸಾಲಲ್ಲಿ ಹಾಗಂತಿದೆ."

"ನಾವಿನ್ನೂ ಇಲ್ಲೇ ಇದ್ದೀವಲ್ಲೋ!"

ಲೆಕ್ಕದ ಪ್ರಕಾರ ಇನ್ನೂ ಹಳೆ ಕಟ್ಟಡದಲ್ಲೇ, ಎರಡು ಜೊತೆ ತೋಳುಗಳಲ್ಲಿ, ಏಳು ದಿಂಬುಗಳಿದ್ದವು. ಫಿಟ್ಟರ್ ತನ್ನ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡ. "ವಾಲ್ವ್ ಇರೋ ನೆಲಮಾಳಿಗೇಲಿ ನನಗೆ ಕೂಸು ಕಾಣುತ್ತಾ ಮೇಡಂ? ಮುಚ್ಚು ಅಂತಿದ್ರೆ ಮುಚ್ಚಿಬಿಡ್ತಿದ್ದೆ."

ಮೇಡಂ ಅಲ್ಲೇ ನೆಲದ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದಳು. ಕೂಸುಗಳು ಮೂವತ್ತೊಂದನೇ ಸಾಲಿನಲ್ಲಿ ಶುರುವಾದರೆ ವಾಲ್ವ್ ಇದ್ದದ್ದು ನೂರ ಎಂಬತ್ತೆಂಟರಲ್ಲಿ. ಪರದೆಯ ಮೇಲೆ ಅವು ಒಮ್ಮೆಯೂ ಒಟ್ಟಿಗೆ ಕಾಣಿಸಿಕೊಂಡಿರಲಿಲ್ಲ. ವಾಲ್ವ್ ಮುಚ್ಚುವುದನ್ನು ಮೂರನೇ ಕಂತು ಮುಗಿಯುವುದಕ್ಕೆ ಗಂಟು ಹಾಕುವ ಬದಲು ಅವಳು ಮೊದಲನೆಯದಕ್ಕೆ ಹಾಕಿದ್ದಳು. ಸಾಫ್ಟ್‌ವೇರ್ ತಕರಾರು ಮಾಡಿರಲಿಲ್ಲ. ಗಂಟು ಬಿದ್ದರೆ ಅದಕ್ಕೆ ಸಾಕು. ಯಾವುದಕ್ಕೆ ಯಾವುದು ಎಂಬುದು ಗಂಟು ಹಾಕಿದವರ ಪಾಡು. ಗುಂಡಿಯೊತ್ತಿ ಸರಿಪಡಿಸಲು ಅರ್ಧ ನಿಮಿಷ ಹಿಡಿಯಿತು.

"ಇನ್ನೊಂದ್ ಸಲ ನಡೆಯೋಣ ಏಳಮ್ಮಾ," ಎಂದು ಸಿಸ್ಟರ್ ಅವಳ ಭುಜ ತಟ್ಟಿದರು.

ಆಗಲೇ ವಾರ್ಡಿನ ಬಾಗಿಲಲ್ಲಿ ಒಬ್ಬ ಬಾಣಂತಿ ಬಂದು ನಿಂತಿದ್ದಳು. ಎಷ್ಟು ಕೇಳಿಸಿಕೊಂಡಿದ್ದಳೋ ಯಾರಿಗೂ ಗೊತ್ತಿಲ್ಲ. "ಇದರಲ್ಲಿ ನನ್ನ ಮಗಳು ಎಲ್ಲಿ ಬರ್ತಾಳೆ?"

ಇನ್ನೂರ ಹದಿನಾಲ್ಕು ಸಾಲು ಬಾಯಿಪಾಠವಿದ್ದ ಮೇಡಂ ಸಿಸ್ಟರ್ ಕಡೆ ತಿರುಗಿದಳು.

"ಕೊನೇ ಸಲಕ್ಕೆ, ನನ್ನ ಜೊತೆ," ಎಂದರು ಸಿಸ್ಟರ್.

"ಹಾಗಾದ್ರೆ ಆ ದಿಂಬು ಇಲ್ಲಿ ಕೊಡಿ."

ಮತ್ತೆ ಏಳು ಗಂಟೆಯಾಯಿತು. ಈ ಸಲ ಲಿಫ್ಟಿನವನೂ ತಮಾಷೆ ಮಾಡಲಿಲ್ಲ. ಎಂಟಾಯಿತು, ಎಂಟು ದಿಂಬುಗಳು ಕೆಳಗಿದ್ದವು. ಎಂಟೂ ಇಪ್ಪತ್ತಾಯಿತು.

"ಎಂಟೂವರೆ," ಎಂದಳು ಮೇಡಂ.

ಎಲ್ಲರೂ ಹತ್ತನೇ ಕಲ್ಲಿಗೆ ಕಾಲಿಟ್ಟರು. ಸಿಸ್ಟರ್ ತಮ್ಮ ಎರಡು ದಿಂಬು ಇಳಿಸಿದರು. ತಾಯಿ ಮಾತ್ರ ಹಿಂದಿನ ಕಲ್ಲಿನ ಮೇಲೇ ಉಳಿದಿದ್ದಳು, ದಿಂಬಿನ ಮೇಲ್ತುದಿಗೆ ಗಲ್ಲ ಒತ್ತಿಕೊಂಡು. ತಿದ್ದಿದ ವೇಳಾಪಟ್ಟಿಯ ಪ್ರಕಾರ ಈಗ ವಾಲ್ವ್ ಮುಚ್ಚಬೇಕು. ಎತ್ತಿದ್ದ ಕೈಯನ್ನು ಫಿಟ್ಟರ್ ಮೆಲ್ಲಗೆ ಕೆಳಗಿಳಿಸಿದ.

"ಗಂಟೆ ಎಷ್ಟಾದ್ರೂ ಆಗ್ಲಿ ತಾಯಿ," ಎಂದ. "ಮೊದಲು ನೀವು ದಾಟಿ. ಆಮೇಲೆ ನಾನು."